ಕಿಟಕಿ ಪಕ್ಕದ ಕುರ್ಚಿ

ಹೋಟೆಲಿನ ಲಾಂಡ್ರಿಯಲ್ಲಿ ದೊಡ್ಡ ಚಾದರ ಮಡಿಸಲು ಇಬ್ಬರು ಬೇಕು. ಈ ತುದಿಯಲ್ಲಿ ಅವಳು, ಆ ತುದಿಯಲ್ಲಿ ಮೇಲ್ವಿಚಾರಕಿ. ಯಾರು ಎಷ್ಟು ನಿಮಿಷ ಬಚ್ಚಲಲ್ಲಿದ್ದರೆಂದು ಗೋಡೆಯಲ್ಲಿ ಗಂಟೆ ನೋಡದೆ ಹೇಳುವ ಆಕೆಗೆ ಹೆಂಗಸರು ಇಟ್ಟಿದ್ದ ಹೆಸರು ‘ಗಡಿಯಾರ’.

ಆ ಬೆಳಿಗ್ಗೆ ನೋವಿಗೆ ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಡ್ರೈಯರಿನಿಂದ ತೆಗೆದ ಬಿಸಿ ಟವೆಲನ್ನು ಯಾರೂ ನೋಡದ ಹಾಗೆ ಕಿಬ್ಬೊಟ್ಟೆಗೆ ಒತ್ತಿಕೊಂಡಳು. ಯಾರೂ ನೋಡಲಿಲ್ಲವೆಂದು ಅವಳು ಅಂದುಕೊಂಡಳು, ಅಷ್ಟೆ.

“ಎಷ್ಟು ತಿಂಗಳೇ, ಕಳ್ಳೀ?” ಇಸ್ತ್ರಿ ಮಾಡುವ ಅಕ್ಕ ಕಿವಿಯಲ್ಲಿ ಕೇಳಿದಳು.

ಉತ್ತರಿಸಲು ಅವಳು ಬಾಯಿ ತೆರೆದರೆ ಮಾತಿನ ಬದಲು ವಾಕರಿಕೆ ಬಂತು. ಬಚ್ಚಲಿಗೆ ಓಡಿ ತಿರುಗಿ ಬರುವಷ್ಟರಲ್ಲಿ ಕಿಟಕಿಯ ಪಕ್ಕ ಒಂದು ಕುರ್ಚಿ ಕಾದಿತ್ತು. “ಕೂರೋಕೆ ಇದೇನು ಟಾಕೀಸಾ?” ಎಂದು ಮೊನ್ನೆಯಷ್ಟೇ ಗದರಿದ್ದ ಗಡಿಯಾರವೇ ಅದನ್ನು ಒರೆಸುತ್ತಿದ್ದರು.

“ಕೂತ್ಕೊಳಮ್ಮ. ದಿಂಬಿನ ಚೀಲ ಮಡಿಸಿದ್ರೆ ಸಾಕು. ಮೊದಲೇ ಹೇಳ್ಬಾರ್ದಿತ್ತಾ?”

ಅವಳು ಕೂತಳು. ಸೊಂಟಕ್ಕೆ ಸಿಕ್ಕ ಆ ಸುಖಕ್ಕೆ, ಹೇಳಬೇಕಾದ್ದನ್ನು ಹೇಳದೆ ದಿಂಬಿನ ಚೀಲ ಕೈಗೆತ್ತಿಕೊಂಡಳು.

ಮೂರು ದಿನ ಹಾಗೆಯೇ ಕಳೆಯಿತು. ಅಕ್ಕ ದಿನವೂ ಕಿತ್ತಳೆ ಬಿಡಿಸಿ ಕೊಡುತ್ತಿದ್ದಳು. ಅವಳಿಗೆ ಮದುವೆಯಾಗಿ ಏಳು ವರ್ಷ. ಅವಳ ನೋವಿಗೆ ಹೆಸರು ಸಿಗಲು ಐದು ವರ್ಷ ಹಿಡಿದಿತ್ತು: ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಪದರದಂಥದ್ದು ಹೊರಗೂ ಬೆಳೆದು ಅಂಟಿಕೊಳ್ಳುವ ಕಾಯಿಲೆ. ಇನ್ನು ಮಗುವಾಗುವುದು ಬಹಳ ಕಷ್ಟವೆಂದು ಡಾಕ್ಟರು ಹೋದ ತಿಂಗಳು ಹೇಳಿದ್ದರು.

“ಸುಮ್ನಿರು. ಹೆಂಗೋ ಕುರ್ಚಿ ಸಿಕ್ತಲ್ಲ,” ಎಂದ ಗಂಡ, ರಾತ್ರಿ ಊಟಕ್ಕೆ ಕೂತು ಎಲ್ಲ ಕೇಳಿದ ಮೇಲೆ.

“ಸಿಕ್ಕಿದ್ದು ನನಗಲ್ಲ ರೀ. ಇಲ್ಲದೇ ಇರೋ ಕೂಸಿಗೆ.”

ಅವನು ತಟ್ಟೆಯಿಂದ ಕೈ ತೆಗೆದ. “ನಿಜ ಹೇಳಿದ್ರೆ ಎದ್ದೇಳು ಅಂತಾರೆ ಕಣೆ. ನಿನ್ನಿಂದ ನಿಲ್ಲೋಕಾಗುತ್ತಾ?”

ಅವಳು ಅಡುಗೆಮನೆಗೂ ನಡುಮನೆಗೂ ಸುಮ್ಮನೆ ಎರಡು ಸಲ ಓಡಾಡಿದಳು.

ನಾಲ್ಕನೆಯ ದಿನ ಅಕ್ಕ ತಾನೇ ಹೆಣೆದ ಉಣ್ಣೆಯ ಪುಟ್ಟ ಟೋಪಿಯನ್ನು ಅವಳ ಮಡಿಲಲ್ಲಿಟ್ಟಳು. ಅವಳಿಗೆ ಕೂತಿರಲಾಗಲಿಲ್ಲ. ಎದ್ದು ಟೋಪಿಯನ್ನು ಮೇಜಿನ ಮೇಲಿಟ್ಟಳು.

“ಅಕ್ಕಾ, ನಾನು ಬಸುರಿ ಅಲ್ಲ. ಆಗೋದೂ ಅನುಮಾನ. ನಂದು ಕಾಯಿಲೆ. ಅವತ್ತೇ ಹೇಳ್ಬೇಕಿತ್ತು.”

ಅಕ್ಕ ಮತ್ತೆ ಎತ್ತಿಕೊಂಡಿದ್ದ ಇಸ್ತ್ರಿ ಗಾಳಿಯಲ್ಲೇ ನಿಂತಿತು.

“ಅಷ್ಟಕ್ಕೇ ಮಹಾರಾಣಿ ಥರ ಕೂತಿದ್ಲಾ?” ಒಗೆಯುವ ಯಂತ್ರದ ಬಳಿಯ ಸೊಟ್ಟಮೂತಿಯವಳು ಕೂಗಿದಳು. “ತಿಂಗಳ ನೋವು ಯಾರಿಗಿಲ್ಲ? ನಾವೆಲ್ಲ ನಿಂತಿಲ್ವಾ?”

ಅವಳು ಜಗಳಕ್ಕೆ ಹೋಗಲಿಲ್ಲ. ಕುರ್ಚಿಯನ್ನು ಎತ್ತಿ ಗೋಡೆಗೆ ಒರಗಿಸಿ, ಬಂದು ಚಾದರದ ಎರಡು ಮೂಲೆ ಹಿಡಿದಳು. ಆ ಕಡೆಯ ಮೂಲೆಗಳನ್ನು ಗಡಿಯಾರ ಹಿಡಿದರು. ಒಂದು ಚಾದರ, ಎರಡು. ಮೂರನೆಯದಕ್ಕೆ ಅವಳ ಮೈ ಬಿಲ್ಲಿನಂತೆ ಬಾಗಿ, ಮೂಲೆ ಕೈಜಾರಿತು.

ಗಡಿಯಾರ ಅರ್ಧ ಮಡಿಸಿದ ಚಾದರವನ್ನು ಹಾಗೇ ಬಿಟ್ಟರು. ಅವರು ಕೆಲಸ ಅರ್ಧಕ್ಕೆ ಬಿಟ್ಟದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ಕುರ್ಚಿಯನ್ನು ಕಿರ್ರೆಂದು ಎಳೆದು ತಂದು ಮತ್ತೆ ಕಿಟಕಿಯ ಪಕ್ಕ ಹಾಕಿದರು.

“ಮೇಡಂ, ನಾನು ಹೇಳಿದ್ನಲ್ಲ...”

“ಕೇಳಿಸ್ತು. ಹೇಳಿದ ಮೇಲೆ ನೋವು ಹೋಯ್ತಾ?”

“ಇಲ್ಲ.”

“ಮತ್ತೆ ಕುರ್ಚಿ ಯಾಕೆ ಎತ್ತಿಟ್ಟೆ?” ಡ್ರೈಯರಿನಿಂದ ಬಿಸಿ ಟವೆಲ್ ತೆಗೆದು, ನಾಲ್ಕು ಮಡಿಕೆ ಮಾಡಿ ಅವಳ ಕೈಗಿತ್ತರು. ನಂತರ ಯಂತ್ರದ ಕಡೆ ತಿರುಗಿದರು. “ಏ, ನೀನು ಬಾ. ಈ ಮೂಲೆ ಹಿಡಿ.”

ಸೊಟ್ಟಮೂತಿಯವಳು ಗೊಣಗುತ್ತಲೇ ಬಂದು ಹಿಡಿದಳು.

ಅಕ್ಕ ಮೇಜಿನ ಮೇಲಿನ ಟೋಪಿಯನ್ನು ಮೆಲ್ಲಗೆ ತೆಗೆದು ಚೀಲದೊಳಗಿಟ್ಟಳು. ಅದೇ ಜಾಗದಲ್ಲಿ, ಎಂದಿನಂತೆ, ಬಿಡಿಸಿದ ಕಿತ್ತಳೆ ಇಟ್ಟಳು.