ಫಿರಂಗಿ ದಳದವರ ಹೂಂ

ಬೆಳಿಗ್ಗೆ ಹತ್ತೂವರೆಗೆ ಮಾಜಿ ಸೈನಿಕರ ಸಂಘದ ಹಾಲಿನಲ್ಲಿ ಸಂತಾಪ ಸಭೆ. ತೀರಿಕೊಂಡವರು ಯುದ್ಧ ಮಾಡಿ ಬಂದಿದ್ದ ನಿವೃತ್ತ ಫಿರಂಗಿ ಸಿಪಾಯಿ. ವಯಸ್ಸು ಎಂಬತ್ತೇಳು, ಸಾವು ನಿದ್ದೆಯಲ್ಲಿ.

ಭಾಷಣ ಮಾಡಬೇಕಿದ್ದವನು ಅವರ ಮಗ, ಕನ್ನಡಕದ ಅಂಗಡಿಯವನು. ಜೊತೆಯವರೆಲ್ಲ ಬಿದ್ದ ಮೇಲೂ ಅಪ್ಪ ಒಬ್ಬರೇ ರಾತ್ರಿಯಿಡೀ ಫಿರಂಗಿ ಹಾರಿಸಿ ಪದಕ ಪಡೆದರು ಎಂಬ ಕತೆಯನ್ನು ಅವನು ಹುಡುಗನಾಗಿದ್ದಾಗಿನಿಂದ ಹೇಳಿಕೊಂಡು ಬಂದಿದ್ದ. ಗಿರಾಕಿಗಳ ಕಣ್ಣು ಪರೀಕ್ಷಿಸುತ್ತ ಹೇಳಿದ್ದ, ಬೀಗರ ಮುಂದೆ, ಸಂಘದವರ ಮುಂದೆ ಹೇಳಿದ್ದ. ತನ್ನ ಬದುಕಿನಲ್ಲಿ ಎದೆಯುಬ್ಬಿಸಿ ಹೇಳಿಕೊಳ್ಳುವಂಥದ್ದು ಅವನಿಗೆ ಬೇರೇನೂ ಇರಲಿಲ್ಲ. ಇವತ್ತು ಅದನ್ನು ಮೈಕಿನಲ್ಲಿ ಹೇಳುವ ದಿನ.

ಒಂದು ವಿವರ ಮಾತ್ರ ಬಾಕಿಯಿತ್ತು. ಆ ರಾತ್ರಿ ಮಳೆ ಸುರಿಯುತ್ತಿದ್ದರೆ ಭಾಷಣಕ್ಕೆ ಕಳೆ ಬರುತ್ತದೆ ಎಂದು ತಂಗಿ ಹೇಳಿದ್ದಳು. ಅದನ್ನು ಹೇಳಬಲ್ಲವರು ಅಪ್ಪನ ಜೊತೆ ಅದೇ ಫಿರಂಗಿಯಲ್ಲಿದ್ದ ಮೀಸೆ ತಾತ ಒಬ್ಬರೇ. ಎಲ್ಲರೂ ಬಿದ್ದಿದ್ದರೆ ಇವರು ಹೇಗೆ ಉಳಿದರು? ಗಾಯಗೊಂಡು ಎಲ್ಲೋ ಮಲಗಿದ್ದಿರಬೇಕು ಎಂದು ಮಗ ತಾನೇ ತೀರ್ಮಾನಿಸಿಕೊಂಡಿದ್ದ.

ಫಿರಂಗಿ ದಳದವರ ಕಿವಿ ಯುದ್ಧದಲ್ಲೇ ಹೋಗಿರುತ್ತದೆ. ಮಗ ಸಭೆಗೆ ಬಂದಿದ್ದ ತಾತನ ಕಿವಿಗೆ ಬಗ್ಗಿ ಕಿರುಚಿದ: "ತಾತಾ, ಅಪ್ಪ ಒಬ್ರೇ ಫಿರಂಗಿ ಹಾರಿಸಿದ್ರಲ್ಲ, ಆವತ್ತು ಮಳೆ ಇತ್ತಾ?"

"ನಿಮ್ಮಪ್ಪ ಎಲ್ಲಿ ಹಾರಿಸ್ದ?" ತಾತನ ದನಿಗೆ ಕಿಟಕಿಯ ಗಾಜು ಅದುರಿತು. "ನಾನೂ ಅವನೂ ದಿಬ್ಬದ ಹಿಂದೆ ಪಾಯಿಖಾನೆ ಗುಂಡಿ ತೋಡ್ತಿದ್ವಿ! ಶೆಲ್ ಬಂದು ಫಿರಂಗಿ ಮೇಲೇ ಬಿತ್ತು. ಅಲ್ಲಿದ್ದ ನಾಲ್ಕೂ ಜನ ಹೋದ್ರು. ನಾವು ಗುಂಡೀಲಿ ಕೂತು ಬದುಕಿದ್ವಿ. ಮಳೆಯಂತೆ ಮಳೆ! ಹನಿ ಬೀಳದೆ ನೆಲ ಕಲ್ಲಾಗಿತ್ತು, ಗುದ್ದಲಿ ಇಳೀತಿರ್ಲಿಲ್ಲ."

"ಮತ್ತೆ ಪದಕ?"

"ಅಲ್ಲಿದ್ದೋರಿಗೆಲ್ಲ ಕೊಟ್ರು ಕಣಪ್ಪಾ. ಅಡುಗೆಯವನಿಗೂ ಸಿಕ್ತು."

ಹಾಲಿನಲ್ಲಿದ್ದ ಮುದುಕರೆಲ್ಲ ಫಿರಂಗಿಯವರೇ; ಯಾರಿಗೂ ಏನೂ ಕೇಳಿಸಲಿಲ್ಲ. ಮುಂದಿನ ಸಾಲಿನಲ್ಲಿದ್ದ ಅಮ್ಮನಿಗೂ ತಂಗಿಗೂ ಚೆನ್ನಾಗಿ ಕೇಳಿಸಿತು. ಅಮ್ಮನ ಮುಖದಲ್ಲಿ ಆಶ್ಚರ್ಯವಿರಲಿಲ್ಲ.

"ನಿಂಗೆ ಗೊತ್ತಿತ್ತಾ?" ಮಗ ಹಲ್ಲು ಕಚ್ಚಿ ಕೇಳಿದ.

"ಮದುವೆಯಾದ ಹೊಸದರಲ್ಲೇ ಹೇಳಿದ್ರು."

"ಮತ್ತೆ ನೀವೊಬ್ರೇ ಹಾರಿಸಿದ್ರಾ ಅಂತ ನಾನು ಕೇಳಿದಾಗೆಲ್ಲ ಅಪ್ಪ ಹೂಂ ಅಂತಿದ್ರಲ್ಲಮ್ಮಾ!"

"ನೀನು ಯಾವಾಗ್ಲೂ ಎಡಗಡೆ ಕೂತು ಕೇಳ್ತಿದ್ದೆ. ಆ ಕಿವಿ ಪೂರ್ತಿ ಹೋಗಿತ್ತು ಕಣೋ. ಊಟ ಮಾಡ್ತೀರಾ ಅಂದ್ರೂ ಹೂಂ, ಮನೆಗೆ ಬೆಂಕಿ ಬಿದ್ದಿದೆ ಅಂದ್ರೂ ಹೂಂ."

"ಅಣ್ಣನ ಮದುವೆಗೆ ಒಪ್ಪಿದ್ದೂ ಹಾಗೇನಾ?" ಎಂದಳು ತಂಗಿ.

"ಬಾಯ್ಮುಚ್ಚೇ." ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ಆ ನಾಲ್ಕು ಜನ ನೆನಪಾದ ದಿನ ಅವರು ತಟ್ಟೆ ಮುಟ್ತಿರ್ಲಿಲ್ಲ. ನಿನ್ನ ಕತೇಲಿ ಆ ನಾಲ್ವರು ಬರೀ ಬೀಳೋಕಷ್ಟೇ ಬರ್ತಾರಲ್ಲೋ."

ಅಷ್ಟರಲ್ಲಿ ಅಧ್ಯಕ್ಷರು ಕೈಬೀಸಿ ಕರೆದರು. ಮಗ ಮೈಕಿನ ಮುಂದೆ ನಿಂತ. ಬರೆದು ತಂದ ಹಾಳೆಗಳು ಕೈಯಲ್ಲಿದ್ದವು. ಅವನ್ನೇ ಓದಿದ್ದರೆ ಆಕ್ಷೇಪಿಸುವವರು ಯಾರೂ ಇರಲಿಲ್ಲ, ಅಮ್ಮ ಕೂಡ ಸುಮ್ಮನಿರುತ್ತಿದ್ದಳು. ಅವನು ಹಾಳೆಗಳನ್ನು ಮಡಚಿ ಜೇಬಿಗಿಟ್ಟ.

"ಶೆಲ್ ಬಿದ್ದಾಗ ನಮ್ಮಪ್ಪ ಫಿರಂಗಿ ಹತ್ತಿರ ಇರಲಿಲ್ಲ. ಪಾಯಿಖಾನೆಗೆ ಗುಂಡಿ ತೋಡುತ್ತಿದ್ದರು. ಅಲ್ಲಿದ್ದ ನಾಲ್ಕು ಜನ ಸತ್ತರು. ಇಷ್ಟು ವರ್ಷ ನಾನು ಹೇಳಿದ್ದು ಅಪ್ಪ ಹೇಳಿದ ಕತೆಯಲ್ಲ, ನಾನೇ ಕಟ್ಟಿದ್ದು."

ಅವನು ಅಂಗೈಯಿಂದ ಕಣ್ಣೊರೆಸಿಕೊಂಡ. ಮಗ ಅಳುವುದನ್ನು ಕಂಡ ಮುದುಕರು, ಫಿರಂಗಿಯ ಘಟ್ಟ ಬಂತೆಂದು ತಿಳಿದು ಎದ್ದು ನಿಂತು ಚಪ್ಪಾಳೆ ತಟ್ಟಿದರು. "ಒಬ್ಬನೇ! ರಾತ್ರಿಯಿಡೀ!" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಮೀಸೆ ತಾತ.

ಚಹಾ ಆದ ಮೇಲೆ ಸಂಘದವರು ಅಪ್ಪನ ಫೋಟೊವನ್ನು ಗೋಡೆಗೆ ಹಾಕಿದರು. ಕೆಳಗಿನ ಹಿತ್ತಾಳೆ ಪಟ್ಟಿಯಲ್ಲಿ 'ಏಕಾಂಗಿ ವೀರ' ಎಂದು ಕೆತ್ತಿಸಿದ್ದರು. ಮರುದಿನ ಮಗ ಅಂಗಡಿಯಿಂದ ಸಣ್ಣ ಸ್ಕ್ರೂಡ್ರೈವರ್ ತಂದು ಆ ಪಟ್ಟಿಯನ್ನು ಬಿಚ್ಚಿಕೊಂಡು ಹೋದ.