ನಡುವೆ ಇಟ್ಟ ಬಾಳೆಹಣ್ಣು

ರಬ್ಬರ್ ಗ್ಲೌಸು ಬಿಚ್ಚಿಡಿ ಎಂದರು ಪ್ರೊಫೆಸರ್ ಮೇಂಗ್, ಬಿಚ್ಚಿಟ್ಟೆ. ಕಿಮ್ಚಿ ಉಪ್ಪಿನಕಾಯಿಯ ಫ್ರಿಜ್ಜು ಫೋಟೋದಲ್ಲಿ ಕಾಣಬಾರದು ಎಂದರು. ಅದರ ಮೇಲೆ ಬಟ್ಟೆ ಹೊದಿಸಿದೆ. ದಿನವೂ ಹಳೇ ಪ್ಯಾಂಟಿನಲ್ಲಿ ಮೀನು ಹುರಿಯುವವಳು, ಅಂದು ಬೆಳಿಗ್ಗೆಯಿಂದ ರೇಷ್ಮೆಯ ಹಾನ್‌ಬೊಕ್ ಉಟ್ಟು ಹುರಿದೆ. ನಮ್ಮ ಮನೆತನದ ಅಡುಗೆಯ ಬಗ್ಗೆ ಅವರು ಪುಸ್ತಕ ಬರೆಯುತ್ತಿದ್ದರು. ಮೂವತ್ತಾರು ವರ್ಷ ಹಿರಿಸೊಸೆಯಾಗಿ ದುಡಿದ ನನಗೆ, ಅದರಲ್ಲಿ ನನ್ನ ಹೆಸರೂ ಬರಲಿ ಎಂಬ ಆಸೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಅಂದು ಅತ್ತೆಯ ವರ್ಷದ ತಿಥಿ. ಸಂಜೆ ಬಿಸಿಲಿರುವಾಗಲೇ ಎಡೆ ಇಟ್ಟಿದ್ದೆವು. ಸೇಬು, ಪೇರ್ ಹಣ್ಣುಗಳ ಸಾಲಿನ ತುದಿಯಲ್ಲಿ ಒಂದು ಚಿಪ್ಪು ಬಾಳೆಹಣ್ಣು.

"ಹಿರಿಸೊಸೆಯವರೇ, ಇದೊಂದು ತೆಗೆದುಬಿಡಿ. ಐನೂರು ವರ್ಷದ ಮನೆತನದ ಎಡೆ, ಸೂಪರ್ ಮಾರ್ಕೆಟ್ ಥರ ಕಾಣುತ್ತೆ," ಎಂದರು ಪ್ರೊಫೆಸರ್.

"ಸೇಬೂ ಸೂಪರ್ ಮಾರ್ಕೆಟ್ಟಿಂದಾನೇ ತಂದಿದ್ದು, ಮೇಷ್ಟ್ರೇ," ಎಂದು ವಾರಗಿತ್ತಿ ಮಿಯೊಕ್ ಆಚೆ ತಿರುಗಿ ನಕ್ಕಳು.

"ಒಂದು ಫೋಟೋಗೆ ಅಷ್ಟೇ ಕಣೇ," ಎಂದರು ನನ್ನ ಗಂಡ. "ಆಮೇಲೆ ಇಡು. ಅಮ್ಮ ಏನೂ ಅನ್ಕೊಳಲ್ಲ."

ಅವರಿಗೆ ಗೊತ್ತಿಲ್ಲ. ಮೂರನೆಯದೂ ಹೆಣ್ಣಾದಾಗ ಈ ಮನೆಯಲ್ಲಿ ಯಾರೂ ನನ್ನ ಮುಖ ನೋಡಿರಲಿಲ್ಲ. ಹನ್ನೊಂದನೆಯ ದಿನ ಅತ್ತೆ ಬಸ್ಸು ಹತ್ತಿ ಪೇಟೆಗೆ ಹೋಗಿ, ಅಂಗಿಯೊಳಗೆ ಬಚ್ಚಿಟ್ಟುಕೊಂಡು ಒಂದು ಬಾಳೆಹಣ್ಣು ತಂದರು. ಆಗ ನಮ್ಮ ದೇಶಕ್ಕೆ ಅದು ಹೊರಗಿನಿಂದ ಬರಬೇಕಿತ್ತು, ಒಂದೊಂದಾಗಿ ಮಾರುತ್ತಿದ್ದರು. ಉಳ್ಳವರು ಮಾತ್ರ ಕೊಳ್ಳುವ ಹಣ್ಣು. ಒಲೆಯ ಮರೆಯಲ್ಲಿ ಕೂರಿಸಿ, "ಬೇಗ ತಿನ್ನು, ನಿನ್ನ ಮಾವ ಬಂದ್ಬಿಡ್ತಾರೆ" ಎಂದರು. ಅರ್ಧ ಮುರಿದು ಅವರಿಗೂ ಕೊಟ್ಟೆ. ಕಣ್ಣು ಮುಚ್ಚಿಕೊಂಡು ತಿಂದರು. ಸಿಪ್ಪೆಯನ್ನು ಒಲೆಗೆ ತುರುಕಿ, ಅದು ಪೂರ್ತಿ ಉರಿಯುವವರೆಗೆ ಇಬ್ಬರೂ ಅಲ್ಲೇ ಕೂತಿದ್ದೆವು.

"ತೆಗೆಯಲ್ಲ," ಎಂದೆ.

"ಶಾಸ್ತ್ರದ ಗ್ರಂಥದಲ್ಲಿ ಎಲ್ಲೂ ಇಲ್ವಲ್ಲಮ್ಮಾ. ಕೆಂಪು ಹಣ್ಣು ಪೂರ್ವಕ್ಕೆ, ಬಿಳೀದು ಪಶ್ಚಿಮಕ್ಕೆ. ಹಳದಿಗೆ ಜಾಗ ಎಲ್ಲಿದೆ?"

"ನಡುವೆ. ಬರ್ಕೊಳ್ಳಿ."

ಪ್ರೊಫೆಸರ್ ನಕ್ಕರು, ಬರೆದುಕೊಳ್ಳಲಿಲ್ಲ. ಮಂಡಿಯೂರಿ ಕ್ಯಾಮೆರಾ ಓರೆ ಮಾಡಿದರು. ಬೆನ್ನ ಹಿಂದಿನಿಂದ ಬಗ್ಗಿ ನೋಡಿದೆ: ಪುಟ್ಟ ಪರದೆಯಲ್ಲಿ ಎಲ್ಲವೂ ಇತ್ತು, ಬಾಳೆಹಣ್ಣೊಂದು ಬಿಟ್ಟು.

ಚಿಪ್ಪನ್ನು ಎತ್ತಿ ಸಾಲಿನ ನಟ್ಟನಡುವೆ, ಅತ್ತೆಯ ಹೆಸರು ಬರೆದ ಫಲಕದ ನೇರಕ್ಕೆ ಇಟ್ಟೆ. ಹೋದವರು ಸಲೀಸಾಗಿ ತಿನ್ನಲೆಂದು ಸೇಬು, ಪೇರ್‌ಗಳ ನೆತ್ತಿ ಕೊಯ್ದಿಟ್ಟಿದ್ದೆವು. ಬಾಳೆಹಣ್ಣನ್ನು ಮಾತ್ರ ಹಾಗೇ ಬಿಟ್ಟಿದ್ದೆ. ಒಂದರ ಸಿಪ್ಪೆಯನ್ನು ಅರ್ಧದವರೆಗೆ ಸುಲಿದೆ.

"ಹೀಗಾದ್ರೆ ಈ ಮನೆ ಪುಸ್ತಕದಲ್ಲಿ ಬರೋದು ಕಷ್ಟ," ಎಂದರು ಪ್ರೊಫೆಸರ್.

"ಬರದೇ ಇರ್ಲಿ. ಪುಸ್ತಕ ನಂಬ್ಕೊಂಡು ನಾವು ಒಲೆ ಹಚ್ಚಿಲ್ಲ." ಗಂಡನ ಕಡೆ ತಿರುಗಿದೆ. "ಏನು ನೋಡ್ತಾ ನಿಂತ್ರಿ? ನಿಮ್ಮಮ್ಮ ಬಂದಿರ್ತಾರೆ. ಅವರ ಬಟ್ಟಲಿಗೆ ಮದ್ಯ ಸುರೀರಿ."

ಅವರು ಒಮ್ಮೆ ಪ್ರೊಫೆಸರನ್ನು, ಒಮ್ಮೆ ಹಣ್ಣನ್ನು ನೋಡಿದರು. ಆಮೇಲೆ ಮಂಡಿಯೂರಿ ಬಟ್ಟಲು ಎತ್ತಿಕೊಂಡರು.

ಕ್ಯಾಮೆರಾದ ಸದ್ದು ಕೇಳಿಸಲಿಲ್ಲ. ನಾವು ಕಾಯಲೂ ಇಲ್ಲ. ಮಿಯೊಕ್ ಹೋಗಿ ಫ್ರಿಜ್ಜಿನ ಮೇಲಿನ ಬಟ್ಟೆಯನ್ನು ಎಳೆದುಹಾಕಿದಳು.