ಸವತಿಗೆ ಹೊಸ ಟೈರು

“ಮುಂದಿನವು ಸರಿಯಾಗಿ ಕೂರ್ತವೆ ಯಜಮಾನ್ರೇ. ಹಿಂದಿನವು ಮಾತ್ರ ಕೂರಲ್ಲ,” ಎಂದಳು ಟೈರಂಗಡಿಯಾಕೆ, ಕೈಗವಸು ಕಳಚುತ್ತ.

ಬೆಂಚಿನ ಮೇಲೆ ಕೂತಿದ್ದ ಅಣ್ಣ ಧಡಕ್ಕನೆ ಎದ್ದ. ಅವನ ಕೆಂಪು ಕಾರು ನಾಲ್ಕೂ ಗಾಲಿ ಬಿಚ್ಚಿಸಿಕೊಂಡು, ಕಬ್ಬಿಣದ ತೋಳುಗಳ ಮೇಲೆ ಸೊಂಟದೆತ್ತರಕ್ಕೆ ನಿಂತಿತ್ತು. ಪಕ್ಕದಲ್ಲಿ ಹೊಸ ಟೈರುಗಳು, ಇನ್ನೂ ಧೂಳು ಕಾಣದವು, ಒಂದರ ಮೇಲೊಂದು ಕೂತಿದ್ದವು.

“ಕೂರಲ್ಲ ಅಂದ್ರೇನಮ್ಮಾ? ನಾನೇ ನೆಲಕ್ಕೆ ಮಂಡಿಯೂರಿ, ನಂಬರು ನೋಡಿ, ಫೋನಲ್ಲಿ ಓದಿ ಹೇಳಿದ್ನಲ್ಲ?”

“ಯಾವ ಗಾಲೀದು ಓದಿದ್ರಿ?”

“ಮುಂದಿನ್ದು.”

“ಹಿಂದಿನ್ದು ನೋಡಿದ್ರಾ?”

“ಅದನ್ಯಾಕೆ ನೋಡ್ಬೇಕು? ಒಂದೇ ಗಾಡೀದಲ್ವಾ?”

ಅಂಗಡಿಯಾಕೆ ಬಿಚ್ಚಿಟ್ಟಿದ್ದ ಹಳೆಯ ಗಾಲಿಗಳಲ್ಲಿ ಮುಂದಿನದೊಂದನ್ನೂ ಹಿಂದಿನದೊಂದನ್ನೂ ಉರುಳಿಸಿ ತಂದು ಅವನ ಮುಂದೆ ಅಕ್ಕಪಕ್ಕ ನಿಲ್ಲಿಸಿದಳು. ಹಿಂದಿನದು ಮುಂದಿನದಕ್ಕಿಂತ ಒಂದು ಹೆಬ್ಬೆರಳಿನಷ್ಟು ಹೆಚ್ಚು ಅಗಲವಾಗಿತ್ತು. “ಈ ಜಾತಿ ಕಾರಲ್ಲಿ ಎಂಜಿನ್ನಿನ ಜೋರೆಲ್ಲ ಹಿಂದಿನ ಗಾಲಿಗೆ. ಅದಕ್ಕೇ ಅಗಲ,” ಎಂದಳು.

ಅಣ್ಣ ಬೆಪ್ಪಾಗಿ ನೋಡಿದ. ತಪ್ಪು ಅವನದೇ, ಆದರೆ ಅವನಂಥವನು ಮಾತ್ರ ಮಾಡಬಹುದಾದ ತಪ್ಪು. ಜೀವಮಾನವಿಡೀ ಬಸ್ಸು ಓಡಿಸಿದವನು. ಬಸ್ಸಿನಲ್ಲಿ ಹಿಂದೆ ಮುಂದೆ ಎಂಬ ಭೇದವಿಲ್ಲ; ಆರೂ ಗಾಲಿ ಒಂದೇ ಅಳತೆ, ಯಾವುದು ಪಂಕ್ಚರಾದರೂ ಸ್ಟೆಪ್ನಿ ಅಲ್ಲಿಗೇ ಸರಿ. ಈ ಕಾರನ್ನು ವಾರವಾರ ಮೈತೊಳೆದು, ಒರೆಸಿ, ಹೊಳಪು ಹಚ್ಚಿ ಮುದ್ದು ಮಾಡಿದ್ದೇ ಮಾಡಿದ್ದು. ಆದರೆ ನೋಡಿದ್ದು ಮಾತ್ರ ಬಸ್ಸಿನವನ ಕಣ್ಣಲ್ಲಿ.

ಬೆಂಚಿನ ಇನ್ನೊಂದು ತುದಿಯಲ್ಲಿ ತಂಗಿ ಕೂತಿದ್ದಳು. ಮಡಿಲಲ್ಲಿ ಒಂದು ಚೀಲ. ಚೀಲದಲ್ಲಿ ಅಂಗೈಯಗಲದ ಟೋಪಿ, ಎರಡು ಮೆತ್ತನೆ ಬಟ್ಟೆ, ಒಂದು ಹೊದಿಕೆ. ಬೆಳಿಗ್ಗೆ ನರ್ಸು ಫೋನು ಮಾಡಿದ್ದಳು: “ಇವತ್ತು ಬನ್ನಿ ತಾಯಿ, ನಿಮ್ಮ ಮಗಳನ್ನ ಮನೆಗೆ ಕರ್ಕೊಂಡು ಹೋಗಿ.” ತಿಂಗಳು ತುಂಬುವ ಮೊದಲೇ ಅವಸರ ಮಾಡಿಕೊಂಡು ಹುಟ್ಟಿದ ಮಗು, ಗುಡ್ಡದಾಚೆಯ ಊರಿನ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಷ್ಟು ದಿನ ಮಲಗಿತ್ತು. ಗಂಡ ಹಡಗಿನಲ್ಲಿ ಅಡುಗೆಯವನು, ಇನ್ನೂ ನಡುನೀರಿನಲ್ಲೇ ಇದ್ದ. ಹಾಗಾಗಿ ದಿನಾ ಅವಳು ಹಾಲು ಹಿಂಡಿ, ಪುಟ್ಟ ಬಾಟಲಿಗಳಲ್ಲಿ ತುಂಬಿ, ಅಣ್ಣನ ಕಾರಿನಲ್ಲಿ ಗುಡ್ಡ ಹತ್ತಿ ಇಳಿಯುತ್ತಿದ್ದಳು.

ಆ ಕಾರಿಗೆ ಅತ್ತಿಗೆ ಇಟ್ಟ ಹೆಸರು ಸವತಿ. ನಿವೃತ್ತಿಯಾದ ದಿನ ಅಣ್ಣ ಅದನ್ನು ಯಾರದೋ ಕೈಯಿಂದ ಕೊಂಡು ತಂದಾಗ, “ಈ ವಯಸ್ಸಲ್ಲಿ ಇದೊಂದು ಬಾಕಿ ಇತ್ತು ನಿಮಗೆ,” ಎಂದು ಅವಳು ಮೂಗು ಮುರಿದಿದ್ದಳು. ನೆಲಕ್ಕಂಟಿದಂತಿದ್ದ ಕೆಂಪು ಕಾರು. ಹಿಂದಿನ ಸೀಟೆಂಬುದು ಹೆಸರಿಗೆ ಮಾತ್ರ. ಸ್ಟಾರ್ಟ್ ಮಾಡಿದರೆ ಬೀದಿಗೆ ಬೀದಿಯೇ ಬೆಚ್ಚಿಬೀಳುವಂಥ ಸದ್ದು. ಎದುರುಮನೆಯ ಮೇಷ್ಟ್ರು ಪ್ರತಿಸಲವೂ ಕಿಟಕಿ ಮುಚ್ಚಿ ಪ್ರತಿಭಟಿಸುತ್ತಿದ್ದರು. ಇಷ್ಟಕ್ಕೂ ಅದು ರಸ್ತೆಗಿಳಿಯುತ್ತಿದ್ದುದು ಬಿಸಿಲಿದ್ದಾಗ ಮಾತ್ರ. ಚಳಿಗಾಲ ಪೂರ್ತಿ ಶೆಡ್ಡಿನಲ್ಲಿ ಕಂಬಳಿ ಹೊದ್ದು ನಿಲ್ಲುತ್ತಿತ್ತು. ಒಂದೇ ಕಡೆ ಭಾರ ಬಿದ್ದು ಟೈರು ಚಪ್ಪಟೆಯಾಗದಿರಲೆಂದು ಭಾನುವಾರ ಭಾನುವಾರ ಮನೆಮಂದಿಯೆಲ್ಲ ಸೇರಿ ಅದನ್ನೊಂದು ಗೇಣು ತಳ್ಳಬೇಕು, ಹಾಗೆಂದು ಅಣ್ಣನ ಕಟ್ಟಪ್ಪಣೆ. ಅಣ್ಣ ಸ್ಟೇರಿಂಗಿನಲ್ಲಿ, ಅತ್ತಿಗೆ ಬಲಕ್ಕೆ, ತಂಗಿ ಎಡಕ್ಕೆ, ಬೈದುಕೊಂಡೇ ಬರುವ ಮೇಷ್ಟ್ರು ನಡುವೆ. ಅತ್ತಿಗೆ ಕಂಡಕ್ಟರಳ ಹಾಗೆ “ರೈಟ್!” ಎಂದರೆ ತಳ್ಳುವುದು, “ಹೋಲ್ಡಾನ್!” ಎಂದರೆ ನಿಲ್ಲಿಸುವುದು. ಆಮೇಲೆ ಎಲ್ಲರಿಗೂ ಬಿಸಿ ಚಹಾ.

ಅಂಥ ಕಾರನ್ನು ಈ ಸಲ ಮಳೆ ಚಳಿ ಎನ್ನದೆ ಹೊರಗೆ ತೆಗೆದಿದ್ದ ಅಣ್ಣ, ಒಂದು ಮಾತೂ ಆಡದೆ. ಹೋದ ವಾರ ಕಲ್ಲುಸೇತುವೆಯ ತಿರುವಿನಲ್ಲಿ ಅದು ಕೈಕೊಟ್ಟಿತು. ತೆಳ್ಳಗೆ ಮಳೆ ಬಿದ್ದ ರಸ್ತೆ. ಹಿಂದಿನ ಗಾಲಿಗಳು ಸೊಯ್ಯನೆ ಜಾರಿ, ಕಾರು ಬುಗುರಿಯ ಹಾಗೆ ತಿರುಗಿ, ಬಂದ ದಾರಿಗೇ ಮುಖ ಮಾಡಿ ನಿಂತಿತು. ಯಾರಿಗೂ ಗೀರು ಕೂಡ ಆಗಲಿಲ್ಲ. ಆದರೆ ಅಣ್ಣ ಬಹಳ ಹೊತ್ತು ಸ್ಟೇರಿಂಗು ಬಿಡಲಿಲ್ಲ. “ನನ್ನ ಬಸ್ಸಲ್ಲಿ ಬಸುರಿಯರೂ ನಿದ್ದೆ ಹೊಡೀತಿದ್ರು” ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದವನು ಅಂದಿನಿಂದ ಬಾಯಿಗೆ ಬೀಗ ಹಾಕಿಕೊಂಡ. ಮರುದಿನದಿಂದ ಇಬ್ಬರೂ ಬಸ್ಸಿನಲ್ಲೇ ಹೋಗಿ ಬಂದರು. ಟೈರಂಗಡಿಗೆ ನಡೆದದ್ದು ತಿಳಿಸಿ ಹೊಸ ಟೈರು ತರಿಸಲು ಹೇಳಿದನೇನೋ ನಿಜ, ಮಗುವನ್ನು ತರಲು ಮಾತ್ರ ಟ್ಯಾಕ್ಸಿಯೇ ಇರಲಿ ಎಂದ. ತಂಗಿ ಒಪ್ಪಲಿಲ್ಲ. ಈ ಸಲ ಅವನು ಕೂರದಿದ್ದರೆ ಇನ್ನೆಂದೂ ಸ್ಟೇರಿಂಗ್ ಮುಟ್ಟುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ತನ್ನನ್ನು ಎತ್ತಿ ಆಡಿಸಿದ ಕೈ ಅದು. ತನ್ನ ಮಗಳ ವಿಷಯಕ್ಕೆ ಆ ಕೈ ಹೆದರಿ ಸೋಲುವುದು ಅವಳಿಗೆ ಸುತರಾಂ ಬೇಕಿರಲಿಲ್ಲ.

“ನೋಡಿದ್ಯಾ ಪುಟ್ಟೀ,” ಅಣ್ಣ ಈಗ ಅವಳ ಕಡೆ ತಿರುಗಿದ. ದನಿಯಲ್ಲಿ ಬೇಸರಕ್ಕಿಂತ ಬಿಡುಗಡೆಯೇ ಹೆಚ್ಚಾಗಿತ್ತು. “ಆಗಬಾರ್ದು ಅಂತಲೇ ಇದೆ. ಟ್ಯಾಕ್ಸಿಗೆ ಹೇಳ್ತೀನಿ ತಡಿ.”

“ನೀನು ಸ್ವಲ್ಪ ಸುಮ್ನಿರಣ್ಣ,” ಎಂದು ತಂಗಿ ಎದ್ದಳು. “ಅಕ್ಕಾ, ಮುಂದಿನ ಎರಡಾದ್ರೂ ಹಾಕಿ ಕೊಡಕ್ಕಾಗುತ್ತಾ?”

“ಅಯ್ಯೋ, ಹಾಗೆ ಮಾತ್ರ ನಾನು ಗಾಡಿ ಕೆಳಗಿಳಿಸಲ್ಲ! ಮುಂದಿನವು ಹಿಡೀತವೆ, ಹಿಂದಿನವು ಬಿಡ್ತವೆ. ಮತ್ತೆ ಗಿರಗಿಟ್ಲೆ ತಿರುಗ್ತೀರಿ.” ಹಳೆಯ ಹಿಂದಿನ ಟೈರಿಗೆ ಆಕೆ ಹೆಬ್ಬೆರಳ ಉಗುರು ಒತ್ತಿದಳು, ಗುರುತೂ ಮೂಡಲಿಲ್ಲ. “ನೋಡಿ ಯಜಮಾನ್ರೇ. ಇದು ಬೇಸಿಗೆ ಟೈರು. ರಸ್ತೆ ಕಾದಿದ್ರೆ ಅಂಟಿನ ಹಾಗೆ ಹಿಡಿಯುತ್ತೆ, ಥಂಡಿಗೆ ಕಲ್ಲಾಗುತ್ತೆ. ಅವತ್ತು ಜಾರಿದ್ದು ನಿಮ್ಮ ಕೈಯಲ್ಲ, ಇದು. ಬೇರೆ ಯಾರೇ ಕೂತಿದ್ರೂ ಹಳ್ಳದಲ್ಲಿರ್ತಿದ್ರು.”

ಅಣ್ಣ ತಾನೂ ಬಗ್ಗಿ ಉಗುರು ಒತ್ತಿದ. ಇನ್ನೊಂದು ಕಡೆಯೂ ಒತ್ತಿದ. ಹೋದ ವಾರದಿಂದ ಗಂಟು ಹಾಕಿಕೊಂಡಿದ್ದ ಅವನ ಹುಬ್ಬು ಸಡಿಲಾದದ್ದು ತಂಗಿಗೆ ಕಂಡಿತು. ಆ ಅಪರಿಚಿತ ಹೆಂಗಸಿನ ಕೈ ಹಿಡಿದು ಕಣ್ಣಿಗೊತ್ತಿಕೊಳ್ಳಬೇಕು ಅನ್ನಿಸಿತು ಅವಳಿಗೆ.

“ಹಿಂದೆ ಮುಂದೆ ಎರಡೂ ಅಳತೇಲಿ ಬೇರೆ ಯಾವ್ದೂ ಇಲ್ವಾ ಅಕ್ಕಾ?”

“ಇದೆ ಒಂದು. ನಿಮ್ಮಣ್ಣನಿಗೆ ಹಿಡಿಸಲ್ಲ ಅಷ್ಟೆ.”

ಒಳಗಿನಿಂದ ಅವಳು ಉರುಳಿಸಿ ತಂದ ಟೈರು ನೋಡಲು ಬಲು ಸಾಧು. ಮೊದಲು ತರಿಸಿದ್ದರ ಮೈಮೇಲೆ ಬಾಣದಂಥ ಗೆರೆ, ಪಕ್ಕದಲ್ಲಿ ಉಬ್ಬಿದ ಅಕ್ಷರ, ಏನೆಲ್ಲ ಠೀವಿ! ಇದರಲ್ಲಿ ಸುತ್ತಲೂ ಆಳವಾದ ನಾಲ್ಕು ಕಾಲುವೆ, ನಡುನಡುವೆ ಬಾಚಣಿಗೆಯ ಹಲ್ಲಿನಂಥ ಸೀಳು, ಮುಗಿಯಿತು.

“ಇದೇನಮ್ಮಾ, ಹಾಲಿನ ವ್ಯಾನಿಗೆ ಹಾಕೋ ಟೈರು!” ಅಣ್ಣನ ಮುಖ ಹುಳ್ಳಗಾಯಿತು. “ಇಂಥ ಕಾರಿಗೆ ಇದಾ? ಸೂಟು ಹಾಕಿ ಹವಾಯಿ ಚಪ್ಪಲಿ ಮೆಟ್ಟಿದ ಹಾಗಿರುತ್ತೆ.”

“ಆ ಬಾಣದ್ದೂ ಎಲ್ಲಾ ಕಾಲಕ್ಕೂ ಆಗುತ್ತೆ, ಇದೂ ಎಲ್ಲಾ ಕಾಲಕ್ಕೂ ಆಗುತ್ತೆ. ಅದು ತಿರುವಲ್ಲಿ ಚುರುಕು. ಇದು ಒದ್ದೆ ರಸ್ತೇಲಿ ಬೇಗ ನಿಲ್ಲುತ್ತೆ. ಸ್ಟೇರಿಂಗು ಒಂಚೂರು ಮಂದ ಅನ್ಸುತ್ತೆ, ಸುಳ್ಳು ಹೇಳಲ್ಲ. ಅಂದ ಹಾಗೆ, ನೀವು ಎಷ್ಟು ವೇಗ ಹೋಗ್ತೀರಿ?”

ಅಣ್ಣ ಉತ್ತರಿಸುವ ಮೊದಲೇ ತಂಗಿ, “ಐವತ್ತು,” ಎಂದಳು. “ಇಳಿಜಾರಾದ್ರೆ ಐವತ್ತೈದು.”

ಅಂಗಡಿಯಾಕೆ ಗೊಳ್ಳನೆ ನಕ್ಕಳು. ಗಾಲಿ ಉರುಳಿಸುತ್ತಿದ್ದ ಕೆಲಸಗಾರನೂ ಮುಖ ಆ ಕಡೆ ಮಾಡಿ ನಕ್ಕ. ಅಣ್ಣ ಕೆಮ್ಮಿದ. “ಸದ್ದು ಹೇಗೆ? ಮಗು ಇರುತ್ತೆ,” ಎಂದು ಗಾಂಭೀರ್ಯದಿಂದ ವಿಚಾರಿಸಿದ.

“ನಿಮ್ಮ ಸೈಲೆನ್ಸರಿನ ಆರ್ಭಟದಲ್ಲಿ ಟೈರಿನ ಸದ್ದು ಯಾರಿಗೆ ಕೇಳ್ಬೇಕು ಯಜಮಾನ್ರೇ!”

ಅವನು ಒಮ್ಮೆ ಬಾಣದ ಟೈರು ನೋಡಿದ, ಒಮ್ಮೆ ಸಾಧು ಟೈರು ನೋಡಿದ, ಆಮೇಲೆ ತಂಗಿಯ ಕೈಯಲ್ಲಿದ್ದ ಚೀಲದಿಂದ ಅರ್ಧ ಹೊರಗೆ ಬಂದಿದ್ದ ಪುಟ್ಟ ಟೋಪಿ ನೋಡಿದ. “ಬೇಗ ನಿಲ್ಲೋದನ್ನೇ ಹಾಕಿ,” ಎಂದ.

ಹಾಕಿ, ಗಾಳಿ ತುಂಬಿ, ತೂಕ ಸರಿಮಾಡುವ ಯಂತ್ರದಲ್ಲಿ ಒಂದೊಂದನ್ನೂ ತಿರುಗಿಸಿ ಮುಗಿಸುವಷ್ಟರಲ್ಲಿ ಹೊರಗೆ ತುಂತುರು ಶುರುವಾಗಿತ್ತು. “ಹೊಸ ಟೈರು, ಮೊದಲು ಸ್ವಲ್ಪ ದೂರ ಮೆಲ್ಲಗೆ,” ಎಂದಳು ಅಂಗಡಿಯಾಕೆ. “ಹಿಂದಿನ ಬೀದಿ ಖಾಲಿ ಇದೆ, ಒಂದು ಸುತ್ತು ನೋಡ್ಕೊಂಡು ಬನ್ನಿ.”

ಅಣ್ಣ ಒಬ್ಬನೇ ಹೋದ. ಗೋಡೆಯಾಚೆಯಿಂದ ಆರ್ಭಟ ಕೇಳಿತು, ಬ್ರೇಕು ಹಾಕಿದ್ದು ಕೇಳಿತು, ಮತ್ತೆ ಆರ್ಭಟ, ಮತ್ತೆ ಬ್ರೇಕು. ಆಮೇಲೆ ಏನೂ ಕೇಳಲಿಲ್ಲ. ತಂಗಿ ಹೊರಗೋಡಿ ನೋಡುತ್ತಾಳೆ, ಕಾರು ಮೂಲೆ ತಿರುಗಿ ಬರುತ್ತಿದೆ, ಅಣ್ಣ ಕಿಟಕಿಯಿಂದ ತಲೆ ಹೊರಗೆ ಹಾಕಿದ್ದಾನೆ, ಬೋಳುತಲೆ ಮಳೆಗೆ ಒದ್ದೆಯಾಗಿದೆ.

“ಪುಟ್ಟೀ! ಬಸ್ಸಿನ ಹಾಗೇ ಇದೆ ಕಣೇ!” ಎಂದು ಕೂಗಿದ. “ಮೊದಲು ಮುಟ್ಟಿದ್ರೆ ತಿರುಗೋದು, ನನಗೆ ಒಳಗೊಳಗೇ ಹೆದರಿಕೆ ಆಗೋದು. ಈಗ ಹೇಳಿದಷ್ಟೇ ತಿರುಗುತ್ತೆ. ಹತ್ತು, ಹತ್ತು, ಹೊತ್ತಾಯ್ತು!”

ತಂಗಿ ಅಂಗಡಿಯಾಕೆಯ ಕೈ ಹಿಡಿದುಕೊಂಡೇಬಿಟ್ಟಳು. ಮಸಿ ಹಿಡಿದ, ಬಿಸಿಯಾದ ಕೈ. “ನಿಮ್ಮ ಉಪಕಾರ ಮರೆಯಲ್ಲ ಅಕ್ಕಾ.” “ಹೋಗಮ್ಮಾ, ಮಗು ಕಾಯ್ತಿದೆ,” ಎಂದು ಆಕೆ ಬೆನ್ನು ತಟ್ಟಿ ಕಳಿಸಿದಳು.

ಆಸ್ಪತ್ರೆಯಲ್ಲಿ ನರ್ಸು ಟೋಪಿ ತೊಡಿಸಿ, ಹೊದಿಕೆ ಸುತ್ತಿ ಮಗುವನ್ನು ಕೊಟ್ಟಾಗ ಅಣ್ಣ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. “ನಾನು ಗಾಡಿ ಹಿಡೀತೀನಿ, ನೀನು ಅವಳನ್ನ ಹಿಡಿ,” ಎಂದ. ಮಗುವಿನ ಸೀಟನ್ನು ಮೇಷ್ಟ್ರ ಮಗಳು ಎರವಲು ಕೊಟ್ಟಿದ್ದಳು. ಹೆಸರಿಗೆ ಮಾತ್ರ ಎಂದಿದ್ದ ಹಿಂದಿನ ಸೀಟಿನಲ್ಲಿ ಅದು ಅಚ್ಚುಕಟ್ಟಾಗಿ ಕೂತಿತು. ಅದರ ಪಕ್ಕದಲ್ಲಿ, ಮಂಡಿಯನ್ನು ಗಲ್ಲಕ್ಕೆ ತಾಗಿಸಿಕೊಂಡು, ತಂಗಿಯೂ ಹೇಗೋ ತೂರಿಕೊಂಡಳು.

ಗುಡ್ಡದ ಮೇಲೆ ಮಂಜು, ಮಳೆ ಎರಡೂ ಇದ್ದವು. ಅಣ್ಣ ಐವತ್ತೂ ಮುಟ್ಟಲಿಲ್ಲ. ಅಂಥ ಕಾರನ್ನು ಅಷ್ಟು ನಿಧಾನ ಓಡಿಸುವುದು ನೋಡಿ ಹಿಂದೆ ಸಾಲುಗಟ್ಟಿದ ಗಾಡಿಗಳು ಹಾರನ್ ಹೊಡೆದೂ ಹೊಡೆದೂ ಸುಸ್ತಾದವು. ಕಲ್ಲುಸೇತುವೆ ಹತ್ತಿರವಾದಾಗ ತಂಗಿ ರಸ್ತೆ ನೋಡಲಿಲ್ಲ, ಅಣ್ಣನ ಕತ್ತು ನೋಡಿದಳು. ಅವನು ದೂರದಿಂದಲೇ ವೇಗ ತಗ್ಗಿಸಿದ, ಗೇರು ಇಳಿಸಿದ, ತುಂಬಿದ ಬಸ್ಸನ್ನು ತಿರುಗಿಸುವ ಹಾಗೆ ಸ್ಟೇರಿಂಗನ್ನು ಕೈಯಿಂದ ಕೈಗೆ ದಾಟಿಸುತ್ತ ತಿರುವಿದ. ಸೇತುವೆ ಹಿಂದಾಯಿತು. ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟರು.

“ಎದ್ದಳಾ?” ಎಂದ, ತಿರುಗದೆ.

“ಇಲ್ಲ. ನಿದ್ದೆ ಹೊಡೀತಿದ್ದಾಳೆ. ನಿನ್ನ ಬಸ್ಸಲ್ವಾ!”

ಅಣ್ಣನ ಭುಜ ಒಂದೆರಡು ಸಲ ಕುಲುಕಿತು. ನಕ್ಕನೋ ಅತ್ತನೋ ಹಿಂದಿನಿಂದ ಗೊತ್ತಾಗಲಿಲ್ಲ. ಏನೇನೋ ಹೇಳಬೇಕೆಂದುಕೊಂಡಿದ್ದಳು ತಂಗಿ: ಮಳೆಗೆ ಹೆದರದೆ ಸವತಿಯನ್ನು ಹೊರಗೆ ತಂದದ್ದಕ್ಕೆ, ಆಸ್ಪತ್ರೆಯ ಬಾಗಿಲಲ್ಲಿ ದಿನದಿನವೂ ಚಳಿಯಲ್ಲಿ ಕಾದದ್ದಕ್ಕೆ. ಅದರ ಬದಲು ಮುಂದಕ್ಕೆ ಬಾಗಿ ಅವನ ಭುಜದ ಮೇಲೆ ಕೈಯಿಟ್ಟಳು, ಬೀದಿ ಬರುವತನಕ ತೆಗೆಯಲಿಲ್ಲ.

ಬೀದಿಯ ತುದಿಯಲ್ಲೇ ಅಣ್ಣ ಎಂಜಿನ್ನು ಆರಿಸಿಬಿಟ್ಟ. “ಇದರ ಬಾಯಿ ಇಲ್ಲೇ ಮುಚ್ಚಬೇಕು, ಇಲ್ಲದಿದ್ರೆ ಶೆಡ್ಡಿನೊಳಗೆ ಸದ್ದು ದುಪ್ಪಟ್ಟಾಗಿ ಎಬ್ಬಿಸುತ್ತೆ,” ಎಂದು ಪಿಸುಗುಟ್ಟಿದ. ಬಂದ ವೇಗದಲ್ಲೇ ಕಾರು ತೇಲಿಕೊಂಡು ಹೋಗಿ ಮನೆಯ ಗೇಟಿನ ಮುಂದೆ ನಿಂತಿತು. ಅಲ್ಲಿಂದ ಶೆಡ್ಡಿನವರೆಗೆ ಸಣ್ಣ ಏರು.

ಕೊಡೆ ಹಿಡಿದು ಕಾದು ನಿಂತಿದ್ದ ಅತ್ತಿಗೆ ಕಿಟಕಿಗೆ ಮುಖ ಒತ್ತಿ ಒಳಗೆ ನೋಡಿದಳು. ನೋಡಿದವಳು ಹಾಗೇ ನಿಂತಳು. “ಏನಾಯ್ತು, ಯಾಕೆ ಸದ್ದಿಲ್ಲ? ಕೆಟ್ಟಿತಾ?” ಎನ್ನುತ್ತ ಬಂದ ಮೇಷ್ಟ್ರಿಗೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ಮೇಷ್ಟ್ರು ಬಗ್ಗಿ ನೋಡಿದರು. ಸುಮ್ಮನೆ ಚಪ್ಪಲಿ ಬಿಟ್ಟು ಪಂಚೆ ಎತ್ತಿ ಕಟ್ಟಿದರು.

ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಅತ್ತಿಗೆ ಕೊಡೆ ಮಡಚಿ ಗೋಡೆಗೊರಗಿಸಿ ಬಲಕ್ಕೆ ನಿಂತಳು. ಮೇಷ್ಟ್ರು ನಡುವೆ. ಎಡಗಡೆ ತಂಗಿಯ ಜಾಗ ಖಾಲಿಯಿತ್ತು. ಅವಳು ಇಳಿಯಲು ಹೊರಟರೆ ಅಣ್ಣ ಕೈಯಾಡಿಸಿ ಕೂರಿಸಿದ.

“ರೈಟ್,” ಎಂದಳು ಅತ್ತಿಗೆ, ಉಸಿರಿಗಿಂತ ಮೆಲ್ಲಗೆ.

ಕಾರು ಒಂದು ಗೇಣು ಸರಿಯಿತು. ಅಭ್ಯಾಸಬಲದಿಂದ ಅಣ್ಣನ ಕಾಲು ಬ್ರೇಕಿಗೆ ಹೋಯಿತು; ಹಿಂದಿನಿಂದ ಹೋಲ್ಡಾನ್ ಬರಲಿಲ್ಲ. ಇನ್ನೊಂದು ಗೇಣು, ಇನ್ನೂ ಒಂದು. ಹಿಂದಿನ ಗಾಜಿನಾಚೆ ಅತ್ತಿಗೆಯ ಒದ್ದೆ ಮುಖ, ಮೇಷ್ಟ್ರ ಒದ್ದೆ ಕನ್ನಡಕ. ಒಳಗೆ ಮಗು ಒಮ್ಮೆ ಬಾಯಿ ಚಪ್ಪರಿಸಿ ಮತ್ತೆ ಸುಮ್ಮನಾಯಿತು. ಹೊಸ ಟೈರುಗಳು ಮಳೆನೀರನ್ನು ತಮ್ಮ ಕಾಲುವೆಗಳಲ್ಲಿ ತುಂಬಿಕೊಂಡು, ಸದ್ದಿಲ್ಲದೆ, ಏರು ಹತ್ತುತ್ತಿದ್ದವು.